ಐವತ್ತು ವರ್ಷದ ಮುದ್ರಿಕೆಗೆ ಹೊಸ ಹೊಳಪು: ಎಷ್ಟು ನಾದ, ಎಷ್ಟು ಸದ್ದು?

ಕಪ್ಪು ಹಿನ್ನೆಲೆಯ ಮೇಲೆ ಗಾಜಿನ ಒಂದು ಪಟ್ಟಕ. ಎಡಗಡೆಯಿಂದ ತೆಳ್ಳನೆಯ ಬಿಳಿ ಕಿರಣವೊಂದು ಬಂದು ಅದಕ್ಕೆ ತಾಗುತ್ತದೆ. ಬಲಗಡೆಯಿಂದ ಬಣ್ಣಗಳ ಪಟ್ಟಿಯಾಗಿ ಹೊರಬೀಳುತ್ತದೆ. ಈ ಚಿತ್ರವನ್ನು ನೀವು ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತೀರಿ. ಪಠ್ಯಪುಸ್ತಕದಲ್ಲಲ್ಲ, ಕಾಲೇಜು ಹುಡುಗರ ಟೀ ಷರ್ಟಿನ ಮೇಲೆ. ಒಮ್ಮೆ ಪ್ರಯೋಗಾಲಯದಲ್ಲಿ ಪಟ್ಟಕದ ಕನಿಷ್ಠ ವಿಚಲನ ಕೋನವನ್ನು ಅಳೆಯುತ್ತಿದ್ದ ಹುಡುಗನ ಅಂಗಿಯ ಮೇಲೂ ಅದಿತ್ತು. "ಏನಪ್ಪ, ಪ್ರಯೋಗಕ್ಕೆ ಚೆನ್ನಾಗಿ ಸಿದ್ಧವಾಗಿಯೇ ಬಂದಿದ್ದೀಯ" ಎಂದೆ. "ಇದೇನು ಅಂತ ಗೊತ್ತಿಲ್ಲ ಸಾರ್, ಅಂಗಡೀಲಿ ಚೆನ್ನಾಗಿ ಕಾಣಿಸ್ತು, ತಗೊಂಡೆ" ಎಂದ.

ಅದು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎಂಬ ರಾಕ್ ಸಂಗೀತದ ಧ್ವನಿಮುದ್ರಿಕೆಯ ಮುಖಚಿತ್ರ. ಮುದ್ರಿಕೆ ಬಿಡುಗಡೆಯಾದದ್ದು 1973ರ ಮಾರ್ಚ್ ತಿಂಗಳಲ್ಲಿ. ಅದಕ್ಕೆ ಐವತ್ತು ವರ್ಷ ತುಂಬಿದಾಗ, 2023ರಲ್ಲಿ, 'ರೀಮಾಸ್ಟರ್' ಮಾಡಿದ ಹೊಸ ಆವೃತ್ತಿ ಹೊರಬಂತು. ಸಿ.ಡಿ., ಎಲ್.ಪಿ. ತಟ್ಟೆ, ಬ್ಲೂ-ರೇ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ದುಬಾರಿ ಬೆಲೆಗೆ ಮಾರಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಕೊಂಡು ನನ್ನನ್ನು ಮನೆಗೆ ಕರೆದ. ಅಲ್ಲಿ ಕೇಳಿದ್ದು ಮತ್ತು ಕೇಳಿದ ಮೇಲೆ ಯೋಚಿಸಿದ್ದು ಈ ಲೇಖನದ ವಿಷಯ. ವಿಜ್ಞಾನ ಪತ್ರಿಕೆಯಲ್ಲಿ ರಾಕ್ ಸಂಗೀತದ ವಿಮರ್ಶೆ ಏಕೆ ಎಂದು ನೀವು ಕೇಳಬಹುದು. ಇಂಥ ಪೆಟ್ಟಿಗೆಗಳ ಮೇಲೆ ಮುದ್ರಿಸುವ ಮಾತುಗಳಲ್ಲಿ ಸಂಗೀತಕ್ಕಿಂತ ಭೌತಶಾಸ್ತ್ರವೇ ಹೆಚ್ಚು. '24 ಬಿಟ್', '192 ಕಿಲೋಹರ್ಟ್ಸ್' ಎಂಬ ಅಂಕಿಗಳನ್ನು ನಂಬಿ ಜನ ಹಣ ತೆರುತ್ತಾರೆ. ಆ ಅಂಕಿಗಳಿಗೆ ಅರ್ಥವಿದೆಯೇ ಎಂದು ಹೇಳಬೇಕಾದವರು ನಾವು ತಾನೆ?

ಮೊದಲು ಮುಖಚಿತ್ರವನ್ನೇ ಮುಗಿಸಿಬಿಡೋಣ. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಸರಳವಾಗಿಯೂ ದಿಟ್ಟವಾಗಿಯೂ ಇರುವ ಚಿತ್ರ ಬೇಕು ಎಂದು ಕೇಳಿದ್ದರಂತೆ. ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆಯ ಸ್ಟಾರ್ಮ್ ಥಾರ್ಗರ್‌ಸನ್ ಮತ್ತು ಆಬ್ರಿ ಪೊವೆಲ್ ಅದನ್ನು ಕಲ್ಪಿಸಿದರು. ಜಾರ್ಜ್ ಹಾರ್ಡಿ ಬರೆದರು. ಕೆಂಪು ಮೇಲೆ, ನೇರಳೆ ಕೆಳಗೆ; ಅಂದರೆ ನೇರಳೆ ಹೆಚ್ಚು ಬಾಗಿದೆ. ಇದು ಸರಿ. ಆದರೆ ಬಣ್ಣಗಳನ್ನು ಎಣಿಸಿ ನೋಡಿ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಆರೇ ಇವೆ, ಊದಾ ಇಲ್ಲ. ಇದನ್ನು ತಪ್ಪು ಎನ್ನುವವರಿಗೆ ಒಂದು ಮಾತು. ರೋಹಿತ ಅವಿಚ್ಛಿನ್ನವಾದದ್ದು, ಅದರಲ್ಲಿ ಗೆರೆ ಎಳೆದವರು ನಾವು. ನ್ಯೂಟನ್ ಏಳು ಬಣ್ಣ ಎಂದದ್ದಕ್ಕೆ ಒಂದು ಕಾರಣ ಸಂಗೀತ. ಸಪ್ತಸ್ವರಗಳ ಅಂತರಗಳಿಗೂ ರೋಹಿತದ ಬಣ್ಣಗಳ ಹರವಿಗೂ ಹೋಲಿಕೆ ಇದೆ ಎಂದು ಅವನು ಭಾವಿಸಿದ್ದ. 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ಆ ಹೋಲಿಕೆಯನ್ನು ಲೆಕ್ಕ ಹಾಕಿಯೇ ತೋರಿಸಿದ್ದಾನೆ. ಸಂಗೀತಕ್ಕಾಗಿ ಸೇರಿಸಿದ ಬಣ್ಣವನ್ನು ಸಂಗೀತದ ತಟ್ಟೆಯ ಮೇಲೆಯೇ ಬಿಟ್ಟುಬಿಟ್ಟದ್ದು ತಮಾಷೆಯಾಗಿದೆ.

ಚಿತ್ರದ ನಿಜವಾದ ಕೊರತೆ ಬೇರೆ. ಪಟ್ಟಕದ ಒಳಗೆ ಬೆಳಕು ಬಿಳಿಯಾಗಿಯೇ ಹರಡಿದಂತೆ ಬರೆದಿದ್ದಾರೆ. ಬಣ್ಣಗಳು ಬೇರೆಯಾಗಲು ಆರಂಭವಾಗುವುದು ಮೊದಲ ಮೈಯಲ್ಲಿಯೇ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಹೇಳಬಲ್ಲರು. ಇನ್ನು ಹರವು. 60 ಡಿಗ್ರಿಯ ಸಾಮಾನ್ಯ ಕ್ರೌನ್ ಗಾಜಿನ ಪಟ್ಟಕದಲ್ಲಿ ಕನಿಷ್ಠ ವಿಚಲನೆಯ ಸ್ಥಿತಿಯಲ್ಲಿ ಕೆಂಪಿಗೂ ನೇರಳೆಗೂ ನಡುವೆ ಇರುವ ಕೋನ ಸುಮಾರು ಒಂದೂವರೆ ಡಿಗ್ರಿ ಮಾತ್ರ. ಚಿತ್ರದಲ್ಲಿರುವುದು ಅದರ ಎಷ್ಟೋ ಪಟ್ಟು. ಕಲಾವಿದನಿಗೆ ಇಷ್ಟು ಸ್ವಾತಂತ್ರ್ಯ ಕೊಡೋಣ. ತಟ್ಟೆಯ ಚೀಲವನ್ನು ತಿರುಗಿಸಿದರೆ ಹಿಂಬದಿಯಲ್ಲಿ ತಲೆಕೆಳಗಾದ ಇನ್ನೊಂದು ಪಟ್ಟಕವಿದೆ. ಅಲ್ಲಿ ಬಣ್ಣಗಳು ಮತ್ತೆ ಸೇರುತ್ತವೆ. ಬಿಳಿ ಬೆಳಕು ಸಂಯುಕ್ತವಾದದ್ದು ಎಂಬ ನ್ಯೂಟನ್ನನ ವಾದದ ಎರಡನೆಯ ಅರ್ಧವೂ ಅಲ್ಲಿದೆ ಎಂದಾಯಿತು.

ಹೆಸರಿನ ಬಗ್ಗೆಯೂ ಒಂದು ಮಾತು. ಚಂದ್ರನಿಗೆ ಶಾಶ್ವತವಾದ ಕತ್ತಲ ಮಗ್ಗುಲೆಂಬುದು ಇಲ್ಲ. ನಮಗೆ ಕಾಣದ ಮಗ್ಗುಲು ಇದೆ, ಅಷ್ಟೆ. ಚಂದ್ರ ತನ್ನ ಅಕ್ಷದ ಮೇಲೆ ಸುತ್ತುವ ಕಾಲ, ಭೂಮಿಯನ್ನು ಸುತ್ತುವ ಕಾಲ ಎರಡೂ ಸುಮಾರು 27.3 ದಿನ, ಆದ್ದರಿಂದ ಒಂದೇ ಮುಖ ನಮ್ಮ ಕಡೆಗಿರುತ್ತದೆ. ಆಚೆಯ ಮುಖಕ್ಕೂ ಈಚೆಯ ಮುಖದಷ್ಟೇ ಬಿಸಿಲು ಬೀಳುತ್ತದೆ. ಅದನ್ನು ಮೊದಲು ಕಂಡದ್ದು 1959ರ ಲೂನಾ-3. ಅಲ್ಲಿ ಮೊದಲು ಇಳಿದದ್ದು 2019ರ ಜನವರಿಯಲ್ಲಿ ಚೀನಾದ ಚಾಂಗ್-ಇ 4. ಅಲ್ಲಿನ ಮಣ್ಣನ್ನು ತಂದದ್ದು 2024ರಲ್ಲಿ ಚಾಂಗ್-ಇ 6. ತಂಡಕ್ಕೆ ಇದು ತಿಳಿಯದೆ ಇರಲಿಲ್ಲ. ಮುದ್ರಿಕೆಯ ಕೊನೆಯಲ್ಲಿ, ಸ್ಟುಡಿಯೊದ ದ್ವಾರಪಾಲಕನೊಬ್ಬನ ದನಿ ಇದೇ ಅರ್ಥದ ಮಾತನ್ನು ಆಡಿಬಿಡುತ್ತದೆ. ಹೆಸರಿನ ಚಂದ್ರ ಆಕಾಶದವನಲ್ಲ, ಮನಸ್ಸಿನವನು. ಹುಣ್ಣಿಮೆ ಅಮಾವಾಸ್ಯೆಗೆ ಹುಚ್ಚು ಕೆರಳುತ್ತದೆ ಎಂಬ ನಂಬಿಕೆ ನಮ್ಮಲ್ಲಿರುವಂತೆಯೇ ಅವರಲ್ಲೂ ಇದೆ. ತಂಡದ ಮೊದಲ ಮುಂದಾಳು ಸಿಡ್ ಬ್ಯಾರೆಟ್ ಮನಸ್ಸಿನ ಸ್ವಾಸ್ಥ್ಯ ಕೆಟ್ಟು 1968ರಲ್ಲಿ ತಂಡದಿಂದ ದೂರವಾದ. ಆ ನೋವು ಈ ಮುದ್ರಿಕೆಯ ಒಳಗೆ ಹರಿಯುತ್ತದೆ.

ಈಗ ಧ್ವನಿಗೆ ಬರೋಣ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ 1972-73ರಲ್ಲಿ 16 ಪಥಗಳ ಕಾಂತೀಯ ಟೇಪಿನ ಮೇಲೆ ಇದನ್ನು ಮುದ್ರಿಸಿದರು. ಎಂಜಿನಿಯರ್ ಅಲನ್ ಪಾರ್ಸನ್ಸ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಮಾಡಿದ ಕೆಲಸಗಳನ್ನು ಇಂದಿಗೂ ತರಗತಿಯಲ್ಲಿ ವಿವರಿಸಬಹುದು. 'ಮನಿ' ಎಂಬ ಹಾಡಿನ ಆರಂಭದಲ್ಲಿ ನಾಣ್ಯಗಳ ಝಣತ್ಕಾರ, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು ಮುಂತಾದವು ತಾಳಕ್ಕೆ ಸರಿಯಾಗಿ ಬರುತ್ತವೆ. ಏಳು ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ಟೇಪನ್ನು ಅಳತೆಪಟ್ಟಿ ಇಟ್ಟು ಸಮ ಉದ್ದಕ್ಕೆ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆಯಂತೆ ಸುತ್ತಿಸಿದರು. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಟೇಪಿನಲ್ಲಿ, ನಿಮಿಷಕ್ಕೆ 120 ಎಣಿಕೆ ಎಂದಿಟ್ಟುಕೊಂಡರೆ, ಒಂದು ಎಣಿಕೆಗೆ 19 ಸೆಂಟಿಮೀಟರ್, ಏಳಕ್ಕೆ 1.33 ಮೀಟರ್. ಕಾಲವನ್ನು ಉದ್ದವಾಗಿ ಮಾರ್ಪಡಿಸಿ ಕತ್ತರಿಯಿಂದ ತಾಳ ಹಾಕಿದ್ದಾರೆ! ಏಳೆಣಿಕೆಯ ಈ ಹಾಡನ್ನು ಮಿಶ್ರ ಚಾಪು ಬಲ್ಲ ನಮ್ಮ ಕಿವಿ ಸಲೀಸಾಗಿ ಹಿಡಿಯುತ್ತದೆ. ಆದರೆ ಗಿಟಾರಿನ ಏಕವಾದನ ಬಂದಾಗ ಅವರು ನಾಲ್ಕೆಣಿಕೆಗೆ ಜಾರಿಬಿಡುತ್ತಾರೆ, ಅದು ಬೇರೆ ಮಾತು.

'ಆನ್ ದ ರನ್' ಎಂಬ ಭಾಗ ಎಂಟು ಸ್ವರಗಳ ಒಂದು ಸರಣಿ. ಅದನ್ನು ಸಿಂಥಿ ಎ.ಕೆ.ಎಸ್. ಎಂಬ ಸಂಶ್ಲೇಷಕ ಯಂತ್ರಕ್ಕೆ ಊಡಿಸಿ ವೇಗ ಹೆಚ್ಚಿಸಿದ್ದಾರೆ. ಅದರಲ್ಲಿ ವಾಹನವೊಂದು ಹಾದುಹೋದಂತೆ ಸ್ವರ ಏರಿ ಇಳಿಯುತ್ತದೆ. ಡಾಪ್ಲರ್ ಪರಿಣಾಮವೇ, ಆದರೆ ಚಲಿಸುವ ಆಕರ ಇಲ್ಲ. ಆವೃತ್ತಿಯನ್ನೂ ಪಾರವನ್ನೂ ಯಂತ್ರದಲ್ಲಿ ಬದಲಿಸಿ ನಮ್ಮ ಕಿವಿಯನ್ನು ನಂಬಿಸಿದ್ದಾರೆ. 'ಟೈಮ್' ಹಾಡಿನ ಆರಂಭದ ಗಡಿಯಾರಗಳ ಗದ್ದಲವನ್ನು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಮುದ್ರಿಸಿಕೊಂಡದ್ದು ಈ ಹಾಡಿಗಾಗಿ ಅಲ್ಲ, ನಾಲ್ಕು ಧ್ವನಿವರ್ಧಕಗಳ ಕ್ವಾಡ್ರಾಫೋನಿಕ್ ಪದ್ಧತಿಯ ಪ್ರಾತ್ಯಕ್ಷಿಕೆಗಾಗಿ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಾನು ಇದನ್ನು ಮೊದಲು ಕೇಳಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಯಾರೋ ಯಾರಿಂದಲೋ ನಕಲು ಮಾಡಿಕೊಂಡ ಕ್ಯಾಸೆಟ್ಟಿನಲ್ಲಿ. ಪ್ರತಿ ನಕಲಿನಲ್ಲೂ ಟೇಪಿನ 'ಸ್‌ಸ್' ಎಂಬ ಗದ್ದಲ ಕೂಡುತ್ತ ಹೋಗುತ್ತದೆ, ಮೇಲಿನ ಆವೃತ್ತಿಗಳು ಸವೆಯುತ್ತವೆ. ನಮ್ಮದು ಎಷ್ಟನೆಯ ತಲೆಮಾರಿನ ನಕಲೋ ದೇವರಿಗೇ ಗೊತ್ತು. ಗಡಿಯಾರಗಳೆಲ್ಲ ಕಂಬಳಿ ಹೊದ್ದು ಬಾರಿಸಿದಂತೆ ಕೇಳುತ್ತಿದ್ದವು. ಆದರೂ ಆ ಮುದ್ರಿಕೆ ನನ್ನನ್ನು ಹಿಡಿದ ಹಾಗೆ ಮುಂದೆ ಯಾವ ಉತ್ತಮ ಉಪಕರಣದ ಧ್ವನಿಯೂ ಹಿಡಿಯಲಿಲ್ಲ. ಹೀಗೆ ಪ್ರೀತಿಸಿದ ವಸ್ತುವಿನ ಮೇಲೆ ತೀರ್ಪು ಕೊಡುವವನ ಮಾತನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಬೇಕು.

ರೀಮಾಸ್ಟರ್ ಎಂದರೇನು? ಹದಿನಾರು ಪಥಗಳಲ್ಲಿರುವ ವಾದ್ಯ, ಕಂಠಗಳನ್ನು ಹದವಾಗಿ ಬೆರೆಸಿ ಎಡ-ಬಲ ಎರಡು ಪಥಗಳಿಗೆ ಇಳಿಸುವುದು 'ಮಿಶ್ರಣ'. ಆ ಎರಡು ಪಥಗಳ ಟೇಪನ್ನು ಜನರ ಕೈಗೆ ಹೋಗುವ ಮಾಧ್ಯಮಕ್ಕೆ ಹೊಂದಿಸುವುದು 'ಮಾಸ್ಟರಿಂಗ್'. ಎಲ್.ಪಿ. ಕಾಲದಲ್ಲಿ ಇದು ಶುದ್ಧ ಯಂತ್ರಶಾಸ್ತ್ರದ ಕೆಲಸವಾಗಿತ್ತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಗೀರಿನ ವೇಗ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್. ಒಳಗೆ, 6 ಸೆಂಟಿಮೀಟರ್ ತ್ರಿಜ್ಯದಲ್ಲಿ, 21 ಮಾತ್ರ. 10,000 ಹರ್ಟ್ಸ್‌ನ ಸ್ವರದ ಒಂದು ಅಲೆ ಹೊರಗೆ 51 ಮೈಕ್ರೋಮೀಟರ್ ಜಾಗ ಪಡೆದರೆ ಒಳಗೆ 21ರಲ್ಲಿ ಇಕ್ಕಟ್ಟಾಗಿ ಕೂರಬೇಕು. ಮಂದ್ರ ಸ್ವರಗಳು ಗೀರನ್ನು ಅಗಲವಾಗಿ ಓಲಾಡಿಸುವುದರಿಂದ ಅವನ್ನು ತಗ್ಗಿಸಿ ಕೆತ್ತಿ, ನುಡಿಸುವಾಗ ಮತ್ತೆ ಏರಿಸಬೇಕು. ಇಂಥ ಕಟ್ಟುಪಾಡುಗಳು ಸಿ.ಡಿ.ಗೆ ಇಲ್ಲ. ಆದ್ದರಿಂದ ಹಳೆಯ ಟೇಪಿಗೆ ಹಿಂದಿರುಗಿ, ಉತ್ತಮ ಯಂತ್ರದಲ್ಲಿ ಓಡಿಸಿ, ಹೊಸದಾಗಿ ಹೊಂದಿಸುವುದರಲ್ಲಿ ಅರ್ಥವಿದೆ. ಮಿಶ್ರಣವನ್ನು ಮುಟ್ಟುವುದಿಲ್ಲ ಎಂಬುದು ಮುಖ್ಯ. ಅದನ್ನೂ ಮತ್ತೆ ಮಾಡಿದರೆ ಅದು ರೀಮಿಕ್ಸ್, ಬೇರೆಯೇ ಕೃತಿ.

ತೊಂದರೆ ಆರಂಭವಾಗುವುದು ಇನ್ನೊಂದು ಕಡೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ನಮ್ಮ ಕಿವಿಯ ಸಂವೇದನೆ ಎಲ್ಲ ಆವೃತ್ತಿಗಳಿಗೂ ಒಂದೇ ಅಲ್ಲ. ಸದ್ದು ಮೆಲ್ಲಗಿದ್ದಾಗ ಮಂದ್ರ ಸ್ವರಗಳು ಮತ್ತು ತೀರ ಮೇಲಿನ ಸ್ವರಗಳು ಕುಗ್ಗಿದಂತೆ ಕೇಳುತ್ತವೆ. ಸದ್ದು ಏರಿಸಿದರೆ ಅವು ತುಂಬಿಕೊಳ್ಳುತ್ತವೆ. ಅಂದರೆ ಒಂದೇ ಹಾಡನ್ನು ಒಂದು ಡೆಸಿಬೆಲ್ ಜೋರಾಗಿ ಕೇಳಿಸಿದರೂ ಕೇಳುಗ 'ಜೋರಾಗಿದೆ' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತಾನೆ. ತೊಂಬತ್ತರ ದಶಕದಿಂದ ಧ್ವನಿಮುದ್ರಿಕೆಗಳು ಈ ದೌರ್ಬಲ್ಯವನ್ನು ಚೆನ್ನಾಗಿ ಬಳಸಿಕೊಂಡವು. ಸಿ.ಡಿ.ಯಲ್ಲಿ ಸಂಖ್ಯೆಗೆ ಒಂದು ಮೇಲ್ಮಿತಿ ಇದೆ. ಶಿಖರಗಳನ್ನು ಅದುಮಿ, ಉಳಿದದ್ದನ್ನೆಲ್ಲ ಮೇಲಕ್ಕೆತ್ತಿದರೆ ಸರಾಸರಿ ಸದ್ದು ಏರುತ್ತದೆ. ಮಿತಿಯನ್ನು ಮೀರಿಸಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಸೈನ್ ಅಲೆಯೊಂದರ ಎರಡೂ ತುದಿಗಳನ್ನು ಸಮನಾಗಿ ಕತ್ತರಿಸಿದರೆ ಫೂರಿಯೆ ಶ್ರೇಣಿಯಲ್ಲಿ ಬೆಸ ಸಂಖ್ಯೆಯ ಉಪಸ್ವರಗಳು ಹುಟ್ಟುತ್ತವೆ ಎಂಬುದು ಬಿ.ಎಸ್‌ಸಿ. ವಿದ್ಯಾರ್ಥಿಗೂ ಗೊತ್ತು. ಆ ಉಪಸ್ವರಗಳನ್ನು ನುಡಿಸಿದವರು ಯಾರೂ ಇಲ್ಲ. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ವಿಡಿಯೊ ಆಟವೊಂದರಲ್ಲಿ ಸೇರಿಸಿದ ಅದೇ ಹಾಡುಗಳು ಸಿ.ಡಿ.ಗಿಂತ ಕಡಿಮೆ ಅದುಮಿದವು ಎಂದು ಅಭಿಮಾನಿಗಳೇ ಪತ್ತೆಮಾಡಿ ಗಲಾಟೆ ಎಬ್ಬಿಸಿದರು. 'ರೀಮಾಸ್ಟರ್' ಎಂಬ ಮುದ್ರೆ ಹೊತ್ತು ಬಂದ ಎಷ್ಟೋ ಹಳೆಯ ಮುದ್ರಿಕೆಗಳಿಗೆ ದೊರೆತ 'ಹೊಸ ಜೀವ' ಇಂಥ ಸದ್ದೇ ಆಗಿತ್ತು.

ನಮ್ಮ ಮುದ್ರಿಕೆಯೂ ಇದರಿಂದ ಪೂರ್ತಿ ಪಾರಾಗಲಿಲ್ಲ. 2003ರಲ್ಲಿ ಮೂವತ್ತು ವರ್ಷ ತುಂಬಿದಾಗ ಅದು ಎಸ್.ಎ.ಸಿ.ಡಿ. ಎಂಬ ಹೊಸ ಬಗೆಯ ತಟ್ಟೆಯಲ್ಲಿ ಬಂತು. ಈ ತಟ್ಟೆಯಲ್ಲಿ ಎರಡು ಪದರ. 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಒಂದನ್ನು ಓದಿ ಸಾಮಾನ್ಯ ಸಿ.ಡಿ.ಯಂತೆ ನುಡಿಸುತ್ತದೆ, 650 ನ್ಯಾನೋಮೀಟರಿನದು ಇನ್ನೊಂದು ಪದರವನ್ನು, ಸೆಕೆಂಡಿಗೆ 28,22,400 ಒಂದು-ಬಿಟ್ ಮಾದರಿಗಳಂತೆ ಓದುತ್ತದೆ. ತಂತ್ರಜ್ಞಾನವಾಗಿ ಇದು ಸೊಗಸು. ಜನ ಎರಡೂ ಪದರಗಳನ್ನು ಕೇಳಿ ಹೋಲಿಸಿ, 'ಆಹಾ, ಹೊಸ ಪದ್ಧತಿ ಎಷ್ಟು ಮೇಲು' ಎಂದರು. ಅಮೆರಿಕದ ಸ್ಟೀರಿಯೊಫೈಲ್ ಪತ್ರಿಕೆ ಅಳೆದು ನೋಡಿದಾಗ, ಸಿ.ಡಿ. ಪದರದ ಧ್ವನಿಯನ್ನು ಇನ್ನೊಂದಕ್ಕಿಂತ ಹೆಚ್ಚು ಅದುಮಿ ಜೋರು ಮಾಡಿದ್ದು ಕಂಡುಬಂತು. ಹೋಲಿಸಿದ್ದು ಎರಡು ಪದ್ಧತಿಗಳನ್ನಲ್ಲ, ಎರಡು ಬೇರೆ ಬೇರೆ ಮಾಸ್ಟರಿಂಗ್‌ಗಳನ್ನು. ಒಂದು ಚರವನ್ನು ಪರೀಕ್ಷಿಸುವಾಗ ಉಳಿದವನ್ನು ಸ್ಥಿರವಾಗಿಡಬೇಕು ಎಂದು ನಾವು ಎಂಟನೆಯ ತರಗತಿಯಲ್ಲಿ ಹೇಳಿಕೊಡುತ್ತೇವೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಆ '24 ಬಿಟ್, 192 ಕಿಲೋಹರ್ಟ್ಸ್'. ನಮ್ಮ ಅನೇಕ ಪುಸ್ತಕಗಳಲ್ಲಿ ಡಿಜಿಟಲ್ ಧ್ವನಿಯನ್ನು ವಿವರಿಸುವಾಗ ನಯವಾದ ಅಲೆಯ ಮೇಲೆ ಮೆಟ್ಟಿಲುಗಳನ್ನು ಬರೆದಿರುತ್ತಾರೆ. ನಾನೂ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಅದನ್ನೇ ಬರೆದಿದ್ದೇನೆ. ವಿದ್ಯಾರ್ಥಿ ಸಹಜವಾಗಿಯೇ ಅಂದುಕೊಳ್ಳುತ್ತಾನೆ: ಮೆಟ್ಟಿಲು ಸಣ್ಣದಾದಷ್ಟೂ ಧ್ವನಿ ನಯ. ಇದು ತಪ್ಪು, ಇದನ್ನು ನಾವೇ ಹರಡಿದ್ದೇವೆ. 1949ರಲ್ಲಿ ಷ್ಯಾನನ್ ಸ್ಪಷ್ಟವಾಗಿ ಸಾಧಿಸಿದ ಪ್ರಮೇಯದ ಪ್ರಕಾರ, ಒಂದು ಸಂಜ್ಞೆಯಲ್ಲಿರುವ ಅತ್ಯಧಿಕ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಮಾದರಿ ತೆಗೆದರೆ, ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಹತ್ತಿರದ ಅಲೆಯನ್ನಲ್ಲ, ಅದೇ ಅಲೆಯನ್ನು. ಸಿ.ಡಿ. ಸೆಕೆಂಡಿಗೆ 44,100 ಮಾದರಿ ತೆಗೆಯುತ್ತದೆ. 22,050 ಹರ್ಟ್ಸ್‌ವರೆಗಿನ ಎಲ್ಲವೂ ಅದರಲ್ಲಿ ಹಿಡಿಯುತ್ತದೆ. ಎಳೆಯರ ಕಿವಿಯ ಮಿತಿಯೇ 20,000. ಐವತ್ತು ದಾಟಿದ ನನ್ನ ಕಿವಿ 12,000ದ ಆಸುಪಾಸಿನಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. 192 ಕಿಲೋಹರ್ಟ್ಸ್‌ನ ಕಡತ 96,000 ಹರ್ಟ್ಸ್‌ವರೆಗೆ ಹಿಡಿದಿಟ್ಟುಕೊಳ್ಳಬಲ್ಲದು. ಬಾವಲಿಗಳಿಗೆ ಸಂತೋಷವಾಗಬಹುದು.

ಬಿಟ್‌ಗಳ ಕಥೆಯೂ ಹೀಗೆಯೆ. ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್ ಹರವು ಕೊಡುತ್ತದೆ. 16 ಬಿಟ್‌ಗೆ 65,536 ಮಟ್ಟಗಳು, 98 ಡೆಸಿಬೆಲ್. 24 ಬಿಟ್‌ಗೆ 1,67,77,216 ಮಟ್ಟಗಳು, ಕಾಗದದ ಮೇಲೆ 146 ಡೆಸಿಬೆಲ್. ಆದರೆ 1973ರ ಸ್ಟುಡಿಯೊ ಟೇಪಿನ ಹರವು, ಗದ್ದಲ ತಗ್ಗಿಸುವ ಸಾಧನವಿಲ್ಲದೆ, 60-70 ಡೆಸಿಬೆಲ್ ಅಷ್ಟೆ. ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡಿನ ಕಣಗಳೇ ಗದ್ದಲ ಹುಟ್ಟಿಸುತ್ತವೆ. ನಾಲ್ಕು ಲೀಟರ್ ಹಾಲನ್ನು ನೂರು ಲೀಟರಿನ ಹಂಡೆಗೆ ಸುರಿದರೂ ಇನ್ನೂರು ಲೀಟರಿನ ಹಂಡೆಗೆ ಸುರಿದರೂ ಹಾಲು ನಾಲ್ಕೇ ಲೀಟರ್. ಸ್ಟುಡಿಯೊದೊಳಗೆ ಕೆಲಸ ಮಾಡುವಾಗ ದೊಡ್ಡ ಹಂಡೆ ಉಪಯುಕ್ತ, ಏಕೆಂದರೆ ಹಲವು ಬಾರಿ ಗುಣಿಸಿ ಕೂಡಿದಾಗ ಬರುವ ಸಣ್ಣ ದೋಷಗಳು ಅದರ ತಳದಲ್ಲೇ ಉಳಿದುಬಿಡುತ್ತವೆ. ಮನೆಗೆ ತರುವಾಗ ಅದರ ಅಗತ್ಯವಿಲ್ಲ.

ಲೆಕ್ಕ ಹೀಗೆ ಹೇಳಿದರೂ ಕಿವಿ ಏನು ಹೇಳುತ್ತದೆ? 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬುವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಎಸ್.ಎ.ಸಿ.ಡಿ. ಮುಂತಾದ ಉನ್ನತ ಪದ್ಧತಿಗಳ ಧ್ವನಿಯನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳುಗರಿಗೆ ಯಾವುದೆಂದು ತಿಳಿಸದೆ ಕೇಳಿಸಿದರು. 554 ಯತ್ನಗಳಲ್ಲಿ ಸರಿ ಉತ್ತರ 276. ನಾಣ್ಯ ಚಿಮ್ಮಿದರೂ ಸುಮಾರು 277 ಬರುತ್ತದೆ. ಆದರೆ ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಷುವಾ ರೈಸ್ ಇಂಥ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಯತ್ನಗಳನ್ನು ಒಟ್ಟುಗೂಡಿಸಿದಾಗ ಸರಿ ಉತ್ತರಗಳು ಶೇಕಡ 52.3. ನೀವೇ ಒರಟು ಲೆಕ್ಕ ಮಾಡಿ. 12,500 ಯತ್ನಗಳಿಗೆ ಮಾನಕ ವಿಚಲನೆ 12,500ರ ವರ್ಗಮೂಲದ ಅರ್ಧ, ಸುಮಾರು 56. ಹೆಚ್ಚುವರಿ ಸರಿ ಉತ್ತರಗಳು ಸುಮಾರು 287, ಅಂದರೆ ಐದು ಮಾನಕ ವಿಚಲನೆಗೂ ಮಿಗಿಲು. ಕೇವಲ ಆಕಸ್ಮಿಕ ಎನ್ನಲಾಗದು. ತರಬೇತಿ ಪಡೆದವರಲ್ಲಿ ಅದು ಇನ್ನೂ ಹೆಚ್ಚು. ವ್ಯತ್ಯಾಸ ಇರಬಹುದು, ಆದರೆ ನೂರರಲ್ಲಿ ಎರಡು ಬಾರಿ ಸುಳಿವು ಕೊಡುವಷ್ಟು ಸಣ್ಣದು. ಸಂಖ್ಯಾಶಾಸ್ತ್ರದ ಮಹತ್ತ್ವಕ್ಕೂ ಬಾಳಿನ ಮಹತ್ತ್ವಕ್ಕೂ ಇರುವ ಅಂತರ ಇದು.

ಈಗ ಆ ಸಂಜೆಯ ಕಥೆ. ವಿದ್ಯಾರ್ಥಿಯ ಮನೆಯಲ್ಲಿ ಉನ್ನತ ಮಟ್ಟದ ಕಡತವನ್ನು ಕೇಳಿ ನಾನು, "ನೋಡಪ್ಪ, ಗಡಿಯಾರಗಳ ನಡುವೆ ಗಾಳಿಯಾಡುವಂತಿದೆ" ಎಂದು ಉತ್ಸಾಹದಿಂದ ಹೇಳಿದೆ. ಅವನು ನಗುತ್ತ ಅದೇ ಕಡತವನ್ನು ಸಿ.ಡಿ. ಮಟ್ಟಕ್ಕೆ ಇಳಿಸಿದ, ಎರಡನ್ನೂ ಒಂದೇ ಸದ್ದಿಗೆ ಹೊಂದಿಸಿದ. "ಈಗ ಯಾವುದು ಯಾವುದು ಅಂತ ಹೇಳಿ ನೋಡೋಣ ಸಾರ್" ಎಂದ. ಹತ್ತು ಸಲ ಕೇಳಿಸಿದ. ಆರು ಸರಿ, ನಾಲ್ಕು ತಪ್ಪು. ನನ್ನ ಹೆಂಡತಿ ಕೇಳುತ್ತ ಕುಳಿತಿದ್ದಳು. ಅವಳು ಏಳು ಸರಿ ಹೇಳಿದಳು. ಅವಳಿಗೆ ಆ ಸಂಗೀತವೇ ಇಷ್ಟವಿಲ್ಲ. ಹತ್ತು ಯತ್ನಗಳಿಗೆ ಮಾನಕ ವಿಚಲನೆ 1.6 ಎಂಬುದನ್ನು ಅವಳಿಗೆ ವಿವರಿಸಲು ಹೋಗಲಿಲ್ಲ.

ಆಮೇಲೆ ನನ್ನ ಬಳಿ ಇದ್ದ 1994ರ ರೀಮಾಸ್ಟರ್ ಸಿ.ಡಿ.ಯನ್ನು 2023ರದರ ಜೊತೆ, ಸದ್ದು ಸಮ ಮಾಡಿ, ಹೋಲಿಸಿದೆವು. ಇಲ್ಲಿ ವ್ಯತ್ಯಾಸ ನಿಜವಾಗಿಯೂ ಕೇಳಿಸಿತು. ಹೊಸದರಲ್ಲಿ ರೋಜರ್ ವಾಟರ್ಸ್ ಅವರ ಬಾಸ್ ಗಿಟಾರಿನ ಪ್ರತಿ ಮೀಟೂ ಬಿಡಿಯಾಗಿ ನಿಲ್ಲುತ್ತದೆ. ಹಿಂದೆ ಎಲ್ಲೋ ಗೊಣಗುತ್ತಿದ್ದ ಮಾತಿನ ದನಿಗಳು ಸ್ವಲ್ಪ ಹತ್ತಿರ ಬಂದಿವೆ. ಈ ಕೆಲಸ ಮಾಡಿದ ಜೇಮ್ಸ್ ಗಥ್ರಿ ದಶಕಗಳಿಂದ ತಂಡದ ಧ್ವನಿ ಬಲ್ಲವರು. ಸಂಯಮ ಇದೆ; ಅದುಮಿ ಜೋರು ಮಾಡುವ ಚಪಲ ನನಗೆ ಕೇಳಿಸಲಿಲ್ಲ. ಆದರೆ 2011ರಲ್ಲಿ ಅವರೇ ಮಾಡಿದ್ದ ರೀಮಾಸ್ಟರ್ ಜೊತೆಗಿಟ್ಟರೆ ನಾನು ಪಂಥ ಕಟ್ಟಲಾರೆ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ಯಲ್ಲಿ ಸ್ವರ ತಾರಕಕ್ಕೇರುವ ಕಡೆ ಹಳೆಯ ಸಿ.ಡಿ.ಯೇ ನನಗೆ ಹಿತವಾಯಿತು ಎಂದೂ ಹೇಳಬೇಕು.

ಆ ಹಾಡಿನ ಮಾತು ಬಂತು. ಅದರಲ್ಲಿ ಪದಗಳಿಲ್ಲದೆ, ಒಂದು ಬಗೆಯ ಆಲಾಪನೆಯಂತೆ ಹಾಡಿದವರು ಕ್ಲೇರ್ ಟೋರಿ. ಅಂದು ಅವರಿಗೆ ಸಂದದ್ದು 30 ಪೌಂಡ್. 2004ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ರಾಜಿಯಾಯಿತು. ಆ ಬಳಿಕದ ಆವೃತ್ತಿಗಳಲ್ಲಿ ರಿಚರ್ಡ್ ರೈಟ್ ಜೊತೆ ಅವರ ಹೆಸರೂ ರಚನಕಾರರ ಸಾಲಿನಲ್ಲಿದೆ. ಹಳೆಯ ತಟ್ಟೆಯಲ್ಲಿ ಇಲ್ಲದೆ ಹೊಸದರಲ್ಲಿ ನಿಸ್ಸಂದೇಹವಾಗಿ ಉತ್ತಮಗೊಂಡ ಸಂಗತಿ ಯಾವುದೆಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಒಂದು ಸಾಲನ್ನು. ಸಂಶೋಧನ ಲೇಖನಗಳಿಗೆ ಹೆಸರು ಸೇರಿಸುವ, ಬಿಡುವ ವಿಷಯದಲ್ಲಿ ಅನುಭವವಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ನಿಜಕ್ಕೂ ಹೊಸತಾದದ್ದು ಗಥ್ರಿಯವರ ಡಾಲ್ಬಿ ಅಟ್ಮಾಸ್ ಮಿಶ್ರಣ. ಇದು ರೀಮಾಸ್ಟರ್ ಅಲ್ಲ. ಹದಿನಾರು ಪಥಗಳ ಮೂಲದಿಂದ ಹೊಸದಾಗಿ ಬೆರೆಸಿದ್ದು. ಇಲ್ಲಿ ಧ್ವನಿಯನ್ನು 'ಈ ಧ್ವನಿವರ್ಧಕಕ್ಕೆ ಇಷ್ಟು' ಎಂದು ಹಂಚುವುದರ ಜೊತೆಗೆ ಅದಕ್ಕೆ ಕೋಣೆಯಲ್ಲಿ ಒಂದು ಸ್ಥಾನವನ್ನೂ ಸೂಚಿಸಬಹುದು. ಎತ್ತರವೂ ಸೇರಿದಂತೆ ನಿರ್ದೇಶಾಂಕಗಳು. ನುಡಿಸುವ ಉಪಕರಣ ತನ್ನಲ್ಲಿರುವ ಧ್ವನಿವರ್ಧಕಗಳಿಗೆ ತಕ್ಕಂತೆ ಲೆಕ್ಕ ಹಾಕಿಕೊಳ್ಳುತ್ತದೆ. ಎರಡು ಕಿವಿಗಳಿಗೆ ಧ್ವನಿ ತಲಪುವ ಕಾಲದ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಏಳು. ಅದನ್ನೇ ಹಿಡಿದು ಮಿದುಳು ದಿಕ್ಕನ್ನು ಗುರುತಿಸುತ್ತದೆ. 'ಆನ್ ದ ರನ್'ನ ಓಡುವ ಹೆಜ್ಜೆಗಳು ನಮ್ಮ ಸುತ್ತ ಓಡಿದವು. ಗಡಿಯಾರಗಳು ತಲೆಯ ಮೇಲೂ ಬಾರಿಸಿದವು. ಇದು ಹಳೆಯ ಕೃತಿಗೆ ಮಾಡಿದ ಅಪಚಾರವೇ? ನನಗೆ ಹಾಗೆ ಅನಿಸಲಿಲ್ಲ. ಆ ಗಡಿಯಾರಗಳು ಹುಟ್ಟಿದ್ದೇ ನಾಲ್ಕು ಧ್ವನಿವರ್ಧಕಗಳಿಗಾಗಿ ಎಂದು ಮೇಲೆ ಹೇಳಿದೆನಲ್ಲ. 1973ರಲ್ಲಿಯೇ ಪಾರ್ಸನ್ಸ್ ಇಡೀ ಮುದ್ರಿಕೆಯ ಕ್ವಾಡ್ರಾಫೋನಿಕ್ ಮಿಶ್ರಣವನ್ನೂ ಮಾಡಿದ್ದರು. ಎರಡು ಪಥಗಳೊಳಗೆ ಮಡಚಿಟ್ಟಿದ್ದನ್ನು ಬಿಚ್ಚಿದ ಹಾಗಾಯಿತು. ಆದರೆ ಇದಕ್ಕೆ ಕೋಣೆ ಬೇಕು, ಧ್ವನಿವರ್ಧಕಗಳು ಬೇಕು, ಹಣ ಬೇಕು. ಹೆಡ್‌ಫೋನಿನಲ್ಲಿ ಕೇಳುವಾಗ ಇನ್ನಾರದೋ ಕಿವಿಯ ಆಕಾರದ ಲೆಕ್ಕ ನಮ್ಮ ಕಿವಿಗೆ ಹೊಂದುವುದಿಲ್ಲ. ಹಿಂದಿನಿಂದ ಬರಬೇಕಾದ ಸದ್ದು ನನಗೆ ತಲೆಯೊಳಗೇ ಕೇಳಿಸಿತು.

ಹಾಗಾದರೆ ಕೊಳ್ಳಬೇಕೆ? ಹಿಂದಿನ ಯಾವುದಾದರೂ ಒಳ್ಳೆಯ ಸಿ.ಡಿ. ನಿಮ್ಮಲ್ಲಿದ್ದರೆ ಬೇಡ. ಮೊದಲ ಬಾರಿ ಕೇಳುವವರು 2023ರದನ್ನು ಕೇಳಲಿ, ಮೋಸವಿಲ್ಲ; ಸಾಮಾನ್ಯ ಮಟ್ಟದ ಕಡತವೇ ಸಾಕು. ಶಾಲೆಯಲ್ಲಿ ಪ್ರಯೋಗವಾಗಿ ಮಾಡುವವರಿಗೆ ಒಂದು ಸೂಚನೆ: ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಯಾವುದೇ ಹಾಡಿನ ಎರಡು ಆವೃತ್ತಿಗಳ ಅಲೆಗಳನ್ನು ಒಂದರ ಕೆಳಗೊಂದು ತೆರೆದು ನೋಡಿ. ಇಟ್ಟಿಗೆಯಂತೆ ಮೇಲೂ ಕೆಳಗೂ ಸಮತಟ್ಟಾಗಿ ಕಂಡದ್ದು ಯಾವುದು, ಬೆಟ್ಟಸಾಲಿನಂತೆ ಏರಿಳಿದದ್ದು ಯಾವುದು ಎಂದು ಮಕ್ಕಳೇ ಹೇಳುತ್ತಾರೆ. ಆಮೇಲೆ ಸದ್ದು ಸಮ ಮಾಡಿ, ಕಣ್ಣು ಕಟ್ಟಿ ಕೇಳಿಸಿ. ಉತ್ತರಗಳನ್ನು ಬರೆದಿಡಿ.

ಮುದ್ರಿಕೆ ಆರಂಭವಾಗುವುದೂ ಮುಗಿಯುವುದೂ ಎದೆಬಡಿತದಿಂದ. ನಿಕ್ ಮೇಸನ್ ಡ್ರಮ್ಮಿನ ಮೇಲೆ ಮೆತ್ತಗೆ ನುಡಿಸಿದ್ದು ಅದು. ನಮ್ಮ ಹಾಸ್ಟೆಲಿನ ಕ್ಯಾಸೆಟ್ಟಿನಲ್ಲಿ 'ಎಕ್ಲಿಪ್ಸ್' ಹಾಡು ಮುಗಿದೊಡನೆ ಆ ಬಡಿತ ಟೇಪಿನ ಗದ್ದಲದಲ್ಲಿ ಮುಳುಗಿಬಿಡುತ್ತಿತ್ತು. ಮುಗಿಯಿತೆಂದುಕೊಂಡು ಯಾರಾದರೂ ಎದ್ದು ಗುಂಡಿ ಒತ್ತುತ್ತಿದ್ದರು. ಆ ಸಂಜೆ ಬೆಂಗಳೂರಿನಲ್ಲಿ ನಾನು ಅದನ್ನು ಎಣಿಸುತ್ತ ಕುಳಿತೆ. ತೀರ ಮೆಲ್ಲಗೆ, ಮತ್ತೂ ಮೆಲ್ಲಗೆ, ಕೊನೆಯವರೆಗೂ ಅದು ಕೇಳಿಸುತ್ತಲೇ ಇತ್ತು. ಹೊರಗೆ ರಸ್ತೆಯಲ್ಲಿ ಆಟೊ ಒಂದು ಹಾದುಹೋಗಿ ಎಣಿಕೆ ತಪ್ಪಿತು.